ಉದ್ದ ಡಿಕ್ಕಿಯ ಗಾಡಿ

ನಮ್ಮ ಮನೆಯ ನೆಲ ಒರೆಸುವ ಕೋಲು ಹೋದ ತಿಂಗಳಿನಿಂದ ಅರ್ಧವಾಗಿದೆ. ಗರಗಸ ಹಾಕಿದವನು ನಾನೇ. ಉಳಿದರ್ಧ ನನ್ನ ಕಾರಿನ ಹಿಂಭಾಗದಲ್ಲಿ ಮಲಗಿರುತ್ತದೆ. ಈ ಕಾರಿನ ಹಿಂಬಾಗಿಲು ಮೇಲಕ್ಕೆ ಎತ್ತಿದರೆ ತಾನಾಗಿ ನಿಲ್ಲಬೇಕು. ನಿಲ್ಲಿಸುವ ಎರಡು ಗಾಳಿ ನಳಿಗೆಗಳು ಎಂದೋ ಪ್ರಾಣ ಬಿಟ್ಟಿವೆ. ಎತ್ತಿ ಮೂರು ಎಣಿಸುವಷ್ಟರಲ್ಲಿ ಬಾಗಿಲು ನೆತ್ತಿಯ ಮೇಲೆ ಇಳಿಯುತ್ತದೆ. ಎರಡು ಸಲ ಇಳಿಯಿತು. ಮೂರನೆಯ ಸಲ ಇಳಿಯುವ ಮೊದಲು ಕೋಲು ಕೊಟ್ಟೆ.

ನನ್ನ ಹೆಂಡತಿ ಸುಮಿತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. "ನಿಮ್ಮ ಗಾಡಿ ಬಾಯಿ ತೆಕ್ಕೊಂಡು ನಿಂತ್ಕೊಳ್ಳೋಕೆ ನನ್ನ ಕೋಲೇ ಆಗ್ಬೇಕಿತ್ತಾ? ಆಯ್ತು ಬಿಡಿ. ಇನ್ಮೇಲೆ ನೆಲ ನೀವೇ ಒರೆಸಿ."

ಒರೆಸುತ್ತಿದ್ದೇನೆ. ಬನಶಂಕರಿಯ ಈ ಎರಡು ಕೋಣೆಯ ಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನಾದರೂ ಸೋಫಾದ ಕೆಳಗೆ ಏನೇನಿದೆ ಎಂದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಗೊತ್ತಾಗುತ್ತಿದೆ.

ಈ ಜಾತಿಯ ಗಾಡಿಯನ್ನು ನೀವು ನೋಡಿರಬಹುದು, ಮರೆತೂ ಇರಬಹುದು. ಮುಂದಿನಿಂದ ನೋಡಿದರೆ ಎಲ್ಲರ ಮನೆಯಲ್ಲಿರುವಂಥದೇ ಕಾರು. ಪಕ್ಕಕ್ಕೆ ಬಂದರೆ ಮಾತ್ರ, ಮುಗಿಯಬೇಕಾದ ಕಡೆ ಮುಗಿಯುವುದಿಲ್ಲ. ಚಾವಣಿ ಡಿಕ್ಕಿಯ ಮೇಲೂ ಹಾಗೆಯೇ ಮುಂದುವರಿದು, ಪಕ್ಕದಲ್ಲಿ ಇನ್ನೊಂದು ಜೊತೆ ಕಿಟಕಿ ಬಂದು, ಕೊನೆಗೆ ನೆಟ್ಟಗೆ ಇಳಿದ ಒಂದು ದೊಡ್ಡ ಬಾಗಿಲು. ಸ್ಟೇಷನ್ ವ್ಯಾಗನ್ ಎನ್ನುತ್ತಾರೆ. ನಮ್ಮ ಜನ ಅದಕ್ಕೆ ಇಟ್ಟ ಹೆಸರು ಬೇರೆ. ಹೆಣದ ಗಾಡಿ. ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ಒಂದೆರಡು ಕಂಪನಿಯವರು ಇದನ್ನು ಮಾರಲು ನೋಡಿದರು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಇಂಥದ್ದನ್ನು ಬಾಗಿಲಿಗೆ ತಂದು ನಿಲ್ಲಿಸಬಾರದು ಎಂದು ಎಲ್ಲರೂ ಹಿಂದೆ ಸರಿದರು. ಮಾಡುವುದನ್ನೇ ನಿಲ್ಲಿಸಿದರು. ಈಗ ನೋಡಿದರೆ ಅದೇ ಗಾಡಿಗೆ ಮೊಬೈಲಿನಲ್ಲಿ ಒಂದು ಅಭಿಮಾನಿಗಳ ಗುಂಪಿದೆ. ಒಬ್ಬರಿಗೆ ಹಿಂದಿನ ದೀಪದ ಗಾಜು ಬೇಕು, ಇನ್ನೊಬ್ಬರ ಬಳಿ ಅದು ಎರಡಿದೆ, ಆದರೆ ಕೊಡುವುದಿಲ್ಲ. ಬೆಳಿಗ್ಗೆ ಎದ್ದು ನಾನು ಮೊದಲು ನೋಡುವುದು ಇದನ್ನೇ. ದೇವರ ಪಟ ಆಮೇಲೆ.

ಇಷ್ಟು ವಯಸ್ಸಾದ ಮೇಲೆ ಇಷ್ಟು ವಯಸ್ಸಾದ ಗಾಡಿ ಯಾಕೆ ಎಂದು ನೀವು ಕೇಳಬಹುದು. ಎರಡು ಕಾರಣ ಇವೆ. ಒಂದು ಆಸೆ. ಇನ್ನೊಂದನ್ನು ಹೇಳಲು ಜೆ.ಪಿ. ನಗರದ ಒಂದು ಮನೆಯ ಬಾಗಿಲಿಗೆ ಹೋಗಬೇಕಿತ್ತು. ಗಾಡಿ ಬಂದ ಮೇಲೆ ಏಳು ಸಲ ಹೊರಟೆ, ಏಳು ಸಲವೂ ಆ ಬೀದಿಯ ತಿರುವಿನವರೆಗೆ ಹೋಗಿ ವಾಪಸ್ ಬಂದೆ.

ಆಸೆಯ ವಿಷಯ ಮೊದಲು ಹೇಳುತ್ತೇನೆ, ಅದು ಸುಲಭ.

ನಾನು ಹುಟ್ಟಿದ್ದು ಸಿದ್ದಾಪುರದಲ್ಲಿ, ಲಾಲ್‌ಬಾಗಿನ ಬೆನ್ನಿಗೆ. ನಮ್ಮ ಬೀದಿಯಲ್ಲಿ ಗಿಡಗಳ ನರ್ಸರಿ ಇಟ್ಟಿದ್ದ ಒಬ್ಬರ ಬಳಿ ಯಾವುದೋ ಕಾಲದ ಒಂದು ಉದ್ದ ಡಿಕ್ಕಿಯ ಗಾಡಿ ಇತ್ತು. ಕ್ರೋಟನ್ ಕುಂಡಗಳನ್ನು ಜಯನಗರದ ಹೊಸ ಮನೆಗಳಿಗೆ ಸಾಗಿಸುತ್ತಿದ್ದರು. ಕುಂಡ ಉರುಳದಂತೆ ಹಿಡಿದುಕೊಳ್ಳಲು ಬೀದಿಯ ಮಕ್ಕಳನ್ನು ಹತ್ತಿಸಿಕೊಳ್ಳುತ್ತಿದ್ದರು. ನಾವು ಹಿಂದಕ್ಕೆ ಮುಖ ಮಾಡಿ, ತೊಡೆಗಳ ನಡುವೆ ಒಂದೊಂದು ಕುಂಡ ಇಟ್ಟುಕೊಂಡು ಕೂರುತ್ತಿದ್ದೆವು. ಒದ್ದೆ ಗೊಬ್ಬರದ ವಾಸನೆ, ಕುತ್ತಿಗೆಗೆ ಎಲೆಯ ಕಚಗುಳಿ. ರಸ್ತೆ ನಮ್ಮ ಕಾಲ ಕೆಳಗಿನಿಂದ ಹುಟ್ಟಿ ದೂರ ಓಡುತ್ತಿತ್ತು. ಎಲ್ಲರೂ ಬರುವುದನ್ನು ನೋಡುತ್ತಾ ಹೋಗುತ್ತಾರೆ, ನಾವು ಹೋದದ್ದನ್ನು ನೋಡುತ್ತಾ ಹೋಗುತ್ತಿದ್ದೆವು. ಆ ರುಚಿ ಬಿಡಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಕಾರಿನ ಸೀಟ್ ಕವರ್ ಹೊಲಿಯುವ ಕೆಲಸಕ್ಕೆ ಸೇರಿದೆ. ಆಮೇಲೆ ಜಯನಗರದಲ್ಲಿ ನನ್ನದೇ ಒಂದು ಸಣ್ಣ ಅಂಗಡಿಯಾಯಿತು. ಹೊಸ ಕಾರು ತಂದವರು ಮೊದಲು ದೇವಸ್ಥಾನಕ್ಕೆ, ಆಮೇಲೆ ನನ್ನ ಬಳಿಗೆ ಬರುತ್ತಿದ್ದರು. ಹೀಗಾಗಿ ನನಗೆ ಸ್ವಲ್ಪ ಪೊಗರು. ಯಾವ ಗಾಡಿ ಹೇಗೆ ಎಂದು ನಾನು ಹೇಳಿದರೆ ಬೀದಿಯಲ್ಲಿ ಅದೇ ಕೊನೆಯ ಮಾತು. ಕುತ್ತಿಗೆಗೆ ಹಳದಿ ಟೇಪು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದೆ, ಡಾಕ್ಟರ ಕೊರಳಿನಲ್ಲಿ ಕೊಳವೆ ಇರುವ ಹಾಗೆ.

ಅಂಗಡಿಯಿಂದ ನಾಲ್ಕು ಮಳಿಗೆ ಆಚೆ ರುದ್ರಪ್ಪನ ಪಾತ್ರೆ ಅಂಗಡಿ. ಅವನ ತಂದೆಯ ಕಾಲಕ್ಕೆ ತಿಪಟೂರು ಕಡೆಯಿಂದ ಬಂದ ಲಿಂಗಾಯತರು. ರುದ್ರಪ್ಪ ನನಗಿಂತ ಎರಡು ವರ್ಷ ದೊಡ್ಡವನು. ನಾನು ರುದ್ರಣ್ಣ ಎನ್ನುತ್ತೇನೆ, ಅವನು ನನ್ನನ್ನು ನಾಗ ಎನ್ನುತ್ತಾನೆ. ನನ್ನ ಪೂರ್ತಿ ಹೆಸರು ನಾಗರಾಜ ಎಂಬುದು ಅವನಿಗೆ ನೆನಪಿದೆಯೋ ಇಲ್ಲವೋ. ಅವನ ತಾಯಿಯನ್ನು ನಾವೆಲ್ಲ ಅವ್ವ ಎನ್ನುತ್ತಿದ್ದೆವು. ದೊಡ್ಡ ಮೈ, ದೊಡ್ಡ ಗಂಟಲು. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದ ಮೇಲೆ ಅವರು ಗಾಲಿ ಕುರ್ಚಿಗೆ ಬಂದರು. ಅಂಗಡಿಯಲ್ಲಿ ಸಿಗುವ ಮಡಚುವ ಕುರ್ಚಿಯ ಬಟ್ಟೆ ಅವರ ಭಾರಕ್ಕೆ ಜೋತುಬಿದ್ದು ನೋವಾಗುತ್ತಿತ್ತು. ಬಡಗಿ ಬಂದು ಮರದ ಹಲಗೆ ಕೂರಿಸಿದ. ಅಲ್ಲಿಗೆ ಅದು ಮಡಚುವುದು ನಿಂತಿತು. ಹಲಗೆಯ ಮೇಲಿನ ದಿಂಬು ಹೊಲಿದವನು ನಾನು. ಆ ಕುರ್ಚಿಯ ಉದ್ದ, ಅಗಲ, ಎತ್ತರ ನನಗೆ ಬಾಯಿಪಾಠ. ಇದನ್ನು ನೆನಪಿಟ್ಟುಕೊಳ್ಳಿ. ಅಳತೆ ಮರೆತಿತ್ತು ಎಂದು ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಆ ಕಾಲಕ್ಕೆ ನನ್ನ ಗಿರಾಕಿಯೊಬ್ಬರು ಉದ್ದ ಡಿಕ್ಕಿಯ ಗಾಡಿ ಇಟ್ಟಿದ್ದರು. ನಿವೃತ್ತರಾಗಿ ಕೊಯಮತ್ತೂರಿಗೆ ಹೋಗುವವರಿದ್ದರು. "ಯಾರಾದ್ರೂ ತಗೊಳ್ಳೋರಿದ್ರೆ ನೋಡಿ ನಾಗರಾಜ್" ಎಂದು ಗಾಡಿಯನ್ನು ಅಂಗಡಿಯ ಮುಂದೆ ಬಿಟ್ಟು ಹೋದರು. ತಗೊಳ್ಳುವವನು ಅಲ್ಲೇ ನಿಂತಿದ್ದ. ನಾನೇ. ಸುಮಿತ್ರಳನ್ನು ಒಪ್ಪಿಸುವುದೊಂದು ಬಾಕಿ. ಅಷ್ಟರಲ್ಲಿ ರುದ್ರಣ್ಣ ಬಂದ.

"ಲೋ ನಾಗ, ಇದ್ರ ಹಿಂದುಗಡೆ ಅವ್ವನ ಕುರ್ಚಿ ಹಿಡಿಯುತ್ತೇನೋ?"

ಅವನು ಬಹಳ ಯೋಚಿಸಿಯೇ ಕೇಳಿದ್ದ. ವ್ಯಾನಿನ ಕುಲುಕಾಟವನ್ನು ಅವ್ವನ ಸೊಂಟ ತಡೆಯುತ್ತಿರಲಿಲ್ಲ, ಮಾಮೂಲಿ ಕಾರಿನಲ್ಲಿ ಕುರ್ಚಿಗೆ ಜಾಗವಿರಲಿಲ್ಲ. ಕಾರಿನ ಮೆತ್ತನೆ, ವ್ಯಾನಿನ ಜಾಗ, ಎರಡೂ ಒಂದರಲ್ಲೇ ಇರುವ ಗಾಡಿ ಇದೊಂದೇ. ಇಂದಿಗೂ ಈ ಗಾಡಿಯ ದೊಡ್ಡ ಗುಣ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅದನ್ನು ನನಗೆ ಹೇಳಿಕೊಟ್ಟವನು ಯಾರೆಂದು ಮಾತ್ರ ಹೇಳುವುದಿಲ್ಲ.

"ಜನ ಹೆಣದ ಗಾಡಿ ಅಂತಾರೆ ರುದ್ರಣ್ಣ" ಎಂದೆ.

"ಅವ್ವಂಗೆ ಹೇಳ್ದೆ. ನಕ್ಕುಬಿಟ್ಲು. 'ಹೆಂಗಿದ್ರೂ ಅದ್ರಲ್ಲೇ ಹೋಗೋದಲ್ವಾ, ಬದುಕಿರೋವಾಗ್ಲೇ ಒಂದು ರೌಂಡ್ ಹೋಗಿಬರಾಣ' ಅಂತಾಳೆ. ನೀನು ಅಳೆದು ಹೇಳು, ಸಾಕು."

ಕೊರಳಿನ ಟೇಪು ತೆಗೆದೆ. ಹಿಂಬಾಗಿಲು ಎತ್ತಿ ಒಳಗೆ ಬಗ್ಗಿದೆ. ಅಳೆದೆ. ನಾಲ್ಕು ಬೆರಳು ಜಾಗ ಮಿಕ್ಕುತ್ತಿತ್ತು. ಅವನಿಗೆ ಬೆನ್ನು ಮಾಡಿ ಬಗ್ಗಿದ್ದರಿಂದ ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಇನ್ನೊಂದು ಸಲ ಅಳೆದೆ. ಜಾಗ ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಎದ್ದು ನಿಂತು, "ಎರಡಿಂಚು ಸಾಲಲ್ಲ ರುದ್ರಣ್ಣ. ಬಾಗಿಲು ಹಾಕೋಕಾಗಲ್ಲ" ಎಂದೆ.

ಕುರ್ಚಿಯನ್ನೇ ತಂದು ಇಟ್ಟು ನೋಡಿದ್ದರೆ ಮುಗಿಯುತ್ತಿತ್ತು. ಅವನು ತರಲಿಲ್ಲ. ನಾನು ಅಳೆದಿದ್ದೆನಲ್ಲ. "ಹೋಗ್ಲಿ ಬಿಡು, ಒಳ್ಳೇದಾಯ್ತು ಅಳೆಸಿದ್ದು" ಎಂದು ನನಗೇ ಕಾಫಿ ಕುಡಿಸಿ ಹೋದ.

ಗಾಡಿ ನನಗೂ ದಕ್ಕಲಿಲ್ಲ. "ಆ ಹೆಣದ ಗಾಡಿ ಮನೆ ಮುಂದೆ ಬಂದ್ರೆ ನಾನು ತೌರುಮನೆಗೆ ಹೋಗ್ತೀನಿ" ಎಂದಳು ಸುಮಿತ್ರ. ಅವಳ ತೌರು ಹತ್ತು ನಿಮಿಷದ ನಡಿಗೆ, ದಿನಾ ಹೋಗಿ ಬರುತ್ತಿದ್ದಳು. ಆದರೂ ಹೆದರಿದೆ. ಗಾಡಿಯನ್ನು ಮೈಸೂರಿನ ಯಾರೋ ತೆಗೆದುಕೊಂಡರು. ಅದು ಹೋಗುವುದನ್ನು ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದೆ. ರುದ್ರಣ್ಣ ಎಲ್ಲರ ಹಾಗೆ ಒಂದು ಕಾರು ಕೊಂಡ. ಅವ್ವ ಮನೆಯಲ್ಲೇ ಉಳಿದರು. ಆಸ್ಪತ್ರೆಗೆ ಮಾತ್ರ ಆಂಬುಲೆನ್ಸ್ ಬರುತ್ತಿತ್ತು. ಒಂಬತ್ತು ವರ್ಷ ಹಾಗೆ ಬದುಕಿದರು. ದೀಪಾವಳಿಗೆ ನಾನು ಹೋದಾಗಲೆಲ್ಲ ಅವ್ವ ಕಿಟಕಿಯ ಬಳಿಯಿಂದ ಕೂಗುತ್ತಿದ್ದರು, "ಏ ನಾಗ, ನಿನ್ನ ದಿಂಬು ಇನ್ನೂ ಗಟ್ಟಿಮುಟ್ಟಾಗೈತೆ ನೋಡು!"

ಈ ವರ್ಷ ಮೊಬೈಲಿನ ಗುಂಪಿನಲ್ಲಿ ಅದೇ ಮಾದರಿಯ, ಅದೇ ಕಾಲದ ಗಾಡಿ ಮಾರಾಟಕ್ಕೆ ಬಂತು. ಬಿಟಿಎಂ ಲೇಔಟಿನಲ್ಲಿ, ಬೈಕುಗಳೇ ತುಂಬಿದ ಒಂದು ಪಿಜಿ ಬೀದಿಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಮಾರುವವನು ಗದಗದ ಕಡೆಯವನು, ಆಫೀಸಿನ ಕೆಲಸ, ಮೂವತ್ತರ ಆಸುಪಾಸು. ಆರು ವರ್ಷದಿಂದ ಗಾಡಿ ಅವನ ಬಳಿ ಇತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಗಾಡಿ ಮಗಗ ಏನ್ರೀ ಅಜ್ಜಾರ?"

"ನನಗೇ ಕಣಪ್ಪ."

"ಖರೇ ಹೇಳ್ತೀನ್ರಿ, ಭಾಳ ಕಾಡ್ತೈತಿ ಇದು. ಒಂದು ರಿಪೇರಿ ಮಾಡ್ಸೂದ್ರಾಗ ಇನ್ನೊಂದು ತೆಗಿತೈತಿ."

"ಮತ್ತೆ ನೀನು ಆರು ವರ್ಷ ಯಾಕೆ ಇಟ್ಕೊಂಡಿದ್ದೆ?"

ಅವನು ಚಾವಣಿಯ ಮೇಲೆ ಕೈ ಇಟ್ಟು ಸವರಿದ, ಎಮ್ಮೆಯ ಬೆನ್ನು ಸವರುವ ಹಾಗೆ. "ಏನ್ ಹೇಳ್ಲಿರೀ. ಕುಂತ್ರ ಎದ್ದು ಬರಾಕ ಮನಸ್ಸಾಗಂಗಿಲ್ಲ. ಈಗ ಲಗ್ನ ಆಗೇತ್ರಿ. ಇಬ್ಬರ್ನೂ ಸಂಭಾಳ್ಸೂದು ಆಗವಲ್ದು."

ಕುಳಿತೆ. ಎದ್ದು ಬರಲು ಮನಸ್ಸಾಗಲಿಲ್ಲ. ಹೊಸ ಕಾರುಗಳು ಎತ್ತರಕ್ಕೆ ಕೂರಿಸಿ ನಮ್ಮನ್ನು ದೊಡ್ಡವರನ್ನಾಗಿ ಮಾಡುತ್ತವೆ. ಇದು ನೆಲದ ಹತ್ತಿರ ಕೂರಿಸುತ್ತದೆ. ಸುತ್ತಲೂ ಗಾಜು. ಬಾಗಿಲು ಹಾಕಿದರೆ ಕಬ್ಬಿಣದ ಬೀರುವಿನ ಸದ್ದು. ಹಿಂದಿನ ಸೀಟು ಮಡಚಿದರೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ. ಸೀಟಿನ ಕವರ್ ಮಾತ್ರ ಯಾರೋ ಕೆಟ್ಟದಾಗಿ ಹೊಲಿದಿದ್ದರು. ಅದನ್ನು ಬಿಚ್ಚಿ ಹಾಕಿ, ಕಣ್ಣಿಗೆ ಎರಡು ಜೊತೆ ಕನ್ನಡಕ ಏರಿಸಿಕೊಂಡು ನಾನೇ ಹೊಸದು ಹೊಲಿದೆ.

ಸುಮಿತ್ರ ಈ ಸಲ ತೌರಿಗೆ ಹೋಗಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, "ಈಗ ಸರಿಯಾಗಿದೆ ಬಿಡಿ. ವಯಸ್ಸಿಗೆ ತಕ್ಕ ಗಾಡಿ" ಎಂದಳು.

ಗಾಡಿ ಬಂದ ಮೇಲೆ ನನಗೆ ಮನೆಯಲ್ಲಿ ಕೂರಲು ಆಗುತ್ತಿಲ್ಲ. ಬೆಳಿಗ್ಗೆ ತೊಳೆಯುತ್ತೇನೆ. ಹತ್ತು ಗಂಟೆಗೆ ಬಿಸಿಲು ಬಂತೆಂದು ಆಚೆ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತೇನೆ. ಮಧ್ಯಾಹ್ನ ಹಕ್ಕಿ ಗಲೀಜು ಮಾಡಿತೆಂದು ಮತ್ತೆ ಈಚೆಗೆ ತರುತ್ತೇನೆ. ಎದುರು ಮನೆಯ ಮೇಡಂ, "ಅಂಕಲ್, ನೀವು ಅದನ್ನ ವಾಕಿಂಗ್ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದರು. ಕೆಲವು ಸಂಜೆ ಹೊರಡುತ್ತಿದ್ದೆ. ಸಾರಕ್ಕಿ ಸಿಗ್ನಲ್ ದಾಟಿ ಜೆ.ಪಿ. ನಗರಕ್ಕೆ ತಿರುಗಿ, ರುದ್ರಣ್ಣನ ಬೀದಿಯ ಮೂಲೆಯ ತರಕಾರಿ ಗಾಡಿಯವರೆಗೆ ಹೋಗುತ್ತಿದ್ದೆ. ಅಲ್ಲಿ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಏನಾದರೂ ಕೊಂಡು ಹಿಂದಿರುಗುತ್ತಿದ್ದೆ. ಏಳು ಸಲಕ್ಕೆ ಏಳು ಹೂಕೋಸು ಮನೆಗೆ ಬಂದವು. "ನಿಮಗೆ ಹೂಕೋಸು ಯಾವಾಗಿಂದ ಇಷ್ಟ?" ಎಂದು ಸುಮಿತ್ರ ಕೇಳಿದಾಗ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ.

ಕೊನೆಗೆ ರುದ್ರಣ್ಣನೇ ಫೋನ್ ಮಾಡಿದ. ಸುಮಿತ್ರಳಿಂದ ಸುದ್ದಿ ಹೋಗಿತ್ತು. "ಏನೋ ನಾಗ, ಉದ್ದ ಗಾಡಿ ತಗೊಂಡಿದೀಯಂತೆ! ನಮಗೆಲ್ಲ ತೋರಿಸೋದು ಬೇಡ್ವಾ? ದೊಡ್ಡ ಮನುಷ್ಯ ಆಗ್ಬಿಟ್ಯಾ?"

ಹೋದ ಬುಧವಾರ ಬೆಳಿಗ್ಗೆ ಹೋದೆ. ಅವನು ಪಂಚೆ ಎತ್ತಿ ಕಟ್ಟಿಕೊಂಡು ಗೇಟಿನಲ್ಲೇ ನಿಂತಿದ್ದ. ಟಯರು ಒದ್ದು ನೋಡಿದ, ಬಾನೆಟ್ ಬಡಿದ, ಸ್ಟೀರಿಂಗ್ ಹಿಡಿದು ಕುಳಿತು ಬಾಯಲ್ಲೇ ಹಾರ್ನ್ ಮಾಡಿದ. ಎಪ್ಪತ್ಮೂರು ವರ್ಷದವನು. ಆಮೇಲೆ, "ಹಿಂದಿಂದು ತೆಗಿ ನೋಡಾಣ" ಎಂದ.

ತೆಗೆದು ಕೋಲು ಕೊಟ್ಟೆ. ರುದ್ರಣ್ಣ ಒಳಗೆ ಬಗ್ಗಿ ನೋಡಿದ.

"ಎಷ್ಟೊಂದು ಜಾಗ ಐತಲ್ಲೋ! ಅವತ್ತಿನ ಗಾಡಿ ಇದಕ್ಕಿಂತ ಚಿಕ್ಕದಿತ್ತು, ಅಲ್ವಾ?"

ಅವನೇ ನನಗೆ ದಾರಿ ಮಾಡಿಕೊಟ್ಟಿದ್ದ. ಹೌದು ಎಂದು ಒಂದೇ ಮಾತು ಹೇಳಿದ್ದರೆ ಕಾಫಿ ಕುಡಿದು ಮನೆಗೆ ಬಂದು ನೆಲ ಒರೆಸಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

"ಇಲ್ಲ ರುದ್ರಣ್ಣ. ಅದೂ ಇಷ್ಟೇ ಇತ್ತು. ಇದೇ ಮಾಡೆಲ್ಲು."

ಅವನು ತಿರುಗಿ ನೋಡಿದ.

"ಕುರ್ಚಿ ಹಿಡೀತಿತ್ತು. ನಾನು ಸುಳ್ಳು ಹೇಳ್ದೆ. ಗಾಡಿ ನನಗೆ ಬೇಕಿತ್ತು."

ನಾನು ಬೈಗುಳ ಎದುರು ನೋಡುತ್ತಿದ್ದೆ. ಒಂದು ಏಟು ಬಿದ್ದರೂ ಸರಿ ಎಂದು ನಿಂತಿದ್ದೆ. ಅವನು ಪಂಚೆಯನ್ನು ಕೆಳಗೆ ಬಿಟ್ಟ.

"ನನಗ್ಯಾಕೆ ಹೇಳ್ತೀಯೋ? ನನಗೇನು ಕಮ್ಮಿ ಆಯ್ತು? ಅಂಗಡಿ, ಮದುವೆ, ಗೃಹಪ್ರವೇಶ ಅಂತ ಎಲ್ಲಾ ಕಡೆ ತಿರುಗ್ದೆ. ಅವ್ವನ್ನ ಬಿಟ್ಟು ಹೋಗೋ ಹಂಗಿಲ್ಲ ಅಂತ ಒಂಬತ್ತು ವರ್ಷ ಮನೇಲಿ ಕೂತಿದ್ದೋಳು ಗೌರಿ. ಅವಳ ತಂಗಿ ಮದುವೆಗೂ ಹೋಗ್ಲಿಲ್ಲ. ನಡಿ ಒಳಗೆ. ಅವಳಿಗೆ ಹೇಳು."

ಇಪ್ಪತ್ತೆರಡು ವರ್ಷದಿಂದ ಈ ತಪ್ಪನ್ನು ಹೊರಳಾಡಿಸಿ ಹೊರಳಾಡಿಸಿ ನೋಡಿದ್ದೆ. ಅದರಲ್ಲಿ ಅವ್ವ ಇದ್ದರು, ರುದ್ರಣ್ಣ ಇದ್ದ, ನಾನಿದ್ದೆ. ರುದ್ರಣ್ಣನ ಹೆಂಡತಿ ಗೌರಮ್ಮನವರು ಒಂದು ಸಲವೂ ಅದರಲ್ಲಿ ಬಂದಿರಲಿಲ್ಲ. ಪ್ರತಿ ದೀಪಾವಳಿಗೂ ನನಗೆ ಕಜ್ಜಾಯ ಕಟ್ಟಿಕೊಟ್ಟವರು ಅವರು. ಪಶ್ಚಾತ್ತಾಪ ಪಡುವುದರಲ್ಲೂ ನಾನು ಅಳತೆ ತಪ್ಪಿದ್ದೆ.

ಅವರು ನಡುಮನೆಯಲ್ಲಿ ನೆಲದ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. "ಬನ್ನಿ ನಾಗರಾಜಣ್ಣ, ಸುಮಿತ್ರಾನ್ನ ಕರ್ಕೊಂಡು ಬರ್ಲಿಲ್ವಾ?" ಎಂದರು. ನಾನೂ ನೆಲದ ಮೇಲೆ ಕುಳಿತೆ. ಹೇಳಿದೆ. ಬೀದಿಯಲ್ಲಿ ಮೂರು ವಾಕ್ಯಕ್ಕೆ ಮುಗಿದದ್ದು ಇಲ್ಲಿ ಬಹಳ ಉದ್ದವಾಯಿತು. ಅವರ ಕೈ ಸೊಪ್ಪು ಬಿಡಿಸುತ್ತಲೇ ಇತ್ತು, ಆಮೇಲೆ ನಿಂತಿತು.

"ಎಷ್ಟು ಜಾಗ ಮಿಕ್ಕಿತ್ತು?" ಎಂದು ಕೇಳಿದರು.

"ನಾಲ್ಕು ಬೆರಳು."

ಗೌರಮ್ಮ ತಮ್ಮ ಬಲಗೈಯನ್ನು ನೋಡಿಕೊಂಡರು. ಎದ್ದು ಹೋಗಿ ಕೈ ತೊಳೆದು, ಸೆರಗಿನಿಂದ ಒರೆಸಿಕೊಳ್ಳುತ್ತಾ ಬಂದು ಚಪ್ಪಲಿ ಮೆಟ್ಟಿಕೊಂಡರು. "ಇವ್ರೇ, ಕುಕ್ಕರ್ ಮೂರು ಸಲ ಕೂಗಿದ ಮೇಲೆ ಆರಿಸಿ" ಎಂದು ಗಂಡನಿಗೆ ಹೇಳಿದರು. ಹೊರಗೆ ಬಂದು ಗಾಡಿಯ ಮುಂದಿನ ಬಾಗಿಲು ತೆಗೆದು ಕುಳಿತರು.

"ಎಲ್ಲಿಗೆ ಹೊರಟೆ ಗೌರಿ?" ರುದ್ರಣ್ಣ ಗೇಟಿನಿಂದ ಕೇಳಿದ.

"ಗೊತ್ತಿಲ್ಲ" ಎಂದು ಅವರು ಬಾಗಿಲು ಹಾಕಿಕೊಂಡರು.

ಗಾಡಿ ಹೊರಡಿಸಿದೆ. ಸಾರಕ್ಕಿ ಸಿಗ್ನಲಿನಲ್ಲಿ, "ಯಾವ ಕಡೆ ಗೌರಕ್ಕ?" ಎಂದೆ. "ಎಡಕ್ಕೆ" ಎಂದರು. ಕನಕಪುರ ರಸ್ತೆ. ಮೆಟ್ರೋ ಕಂಬಗಳು ಒಂದೊಂದಾಗಿ ಹಿಂದೆ ಹೋದವು. ಅವರು ಬೈಯಲಿಲ್ಲ, ಅಳಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ದೊಡ್ಡ ತಿರುವೊಂದು ಬಂದಾಗ, "ವಾಪಸ್ ತಿರುಗಿಸ್ಲಾ?" ಎಂದು ಕೇಳಿದೆ.

"ಇನ್ನೂ ಇಲ್ಲ."

ಮೆಟ್ರೋ ಕಂಬಗಳು ಮುಗಿದವು. ಮನೆಗಳು ತೆಳ್ಳಗಾದವು. ಅವರು ಕಿಟಕಿಯ ಹಿಡಿ ತಿರುಗಿಸಿ ಗಾಜನ್ನು ಪೂರ್ತಿ ಇಳಿಸಿದರು. ಸೆರಗು ಹಾರತೊಡಗಿತು. ಅದನ್ನು ಹಿಡಿದುಕೊಳ್ಳಲಿಲ್ಲ. ಊಟದ ಹೊತ್ತಾಯಿತು, ರುದ್ರಣ್ಣ ಕಾಯುತ್ತಿರುತ್ತಾನೆ ಎಂದು ನಾನು ಮತ್ತೆ ಬಾಯಿ ತೆರೆದೆ.

"ಎಲ್ಲಿ ತಿರುಗಿಸ್ಬೇಕು ಅಂತ ನಾನು ಹೇಳ್ತೀನಿ ನಾಗರಾಜಣ್ಣ. ಅಲ್ಲೀವರೆಗೂ ನೀವು ಕೇಳಬೇಡಿ" ಎಂದರು.

ಕೇಳಲಿಲ್ಲ. ಗೇರು ಬದಲಿಸಿ, ಅವರು ನೋಡುತ್ತಿದ್ದ ಕಡೆಗೇ ನೋಡುತ್ತಾ ಓಡಿಸಿದೆ.